ಮನೆ ಬಿಡದೆ ಹಾಕಿದ ಕೇಸು

ನಾನು ಹಾಕಿದ ಕೌಟುಂಬಿಕ ಹಿಂಸೆಯ ಕೇಸಿನಿಂದ ನನ್ನ ಗಂಡ ಒಂದು ದಿನವೂ ಜೈಲಿಗೆ ಹೋಗಿಲ್ಲ. ಡೈವೋರ್ಸೂ ಆಗಿಲ್ಲ. ನಾನು ಮನೆಯನ್ನೂ ಬಿಟ್ಟಿಲ್ಲ. ದಾವಣಗೆರೆಯ ನಿಟುವಳ್ಳಿಯಲ್ಲಿ ಮದುವೆಯಾಗಿ ಬಂದ ಅದೇ ಮನೆಯ ಮುಂದಿನ ಕೋಣೆಯಲ್ಲಿ ಕೂತು ಬ್ಲೌಸ್ ಹೊಲಿಯುತ್ತಿದ್ದೇನೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಬಟ್ಟೆ ಕೊಡಲು ಬರುವ ಹೆಂಗಸರ ಹತ್ತಿರ ಈ ವಿಷಯ ಮಾತಾಡಿದಾಗೆಲ್ಲ ಅವರು ಹೆದರುವುದು ಈ ಮೂರಕ್ಕೇ. "ಕೇಸ್ ಹಾಕಿದ್ರೆ ಅವರನ್ನ ಒಳಗೆ ಹಾಕ್ತಾರೆ, ಮಕ್ಕಳ ಗತಿ ಏನಕ್ಕಾ?" "ಡೈವೋರ್ಸ್ ಆಗಿಬಿಡ್ತೈತಿ." "ಮನೆ ಬಿಟ್ಟು ಎಲ್ಲಿಗೆ ಹೋಗ್ಲಿ?" ಏಟಿಗಿಂತ ಈ ಮೂರು ಭಯವೇ ಎದೆಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ನನಗೂ ಕೂತಿತ್ತು.

ನನ್ನ ಗಂಡ ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರು. ಮೆಕ್ಕೆಜೋಳದ ಸೀಸನ್ನಿನಲ್ಲಿ ಕೈಯಲ್ಲಿ ದುಡ್ಡು ಓಡಾಡುತ್ತದೆ, ಕುಡಿತವೂ ಜಾಸ್ತಿ. ಆದರೆ ಕುಡಿದಾಗ ಮಾತ್ರ ಹೊಡೆಯುತ್ತಿದ್ದರು ಅಂದರೆ ಸುಳ್ಳಾಗುತ್ತದೆ. ಕುಡಿಯದ ದಿನ ಸಾರಿಗೆ ಉಪ್ಪು ಕಮ್ಮಿ, ಫೋನ್ ಯಾಕೆ ಎತ್ತಲಿಲ್ಲ, ಗಿರಾಕಿ ಜೊತೆ ಅಷ್ಟೊತ್ತು ಏನು ಮಾತು, ಹೀಗೆ ಏನಾದರೂ ಒಂದು. ಹೊಲಿಗೆ ದುಡ್ಡನ್ನು ಡಬ್ಬಿಯಿಂದ ಎಣಿಸಿ ತೆಗೆದುಕೊಳ್ಳುತ್ತಿದ್ದರು. ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಅತ್ತೆ, ಹಾಗಾಗಿ ಗೃಹಲಕ್ಷ್ಮಿಯ ಎರಡು ಸಾವಿರವೂ ಅವರ ಖಾತೆಗೆ. ತವರಿನವರು ಹಾಕಿದ್ದ ಸರ, ಬಳೆ ಗಿರವಿ ಅಂಗಡಿಯಲ್ಲಿ. ಮಗುವಿಗೆ ಜ್ವರ ಬಂದರೆ ಮಾತ್ರೆಗೂ ಕೈ ಚಾಚಬೇಕಿತ್ತು.

ಏಟು ಬೀಳುವುದು ಶುರುವಾದ ಕೂಡಲೇ ಮಗಳು ಎದ್ದು ಹೋಗಿ ಟಿವಿ ಸೌಂಡ್ ಜಾಸ್ತಿ ಮಾಡುತ್ತಿದ್ದಳು. ಅಕ್ಕಪಕ್ಕದವರಿಗೆ ಕೇಳಬಾರದು ಅಂತ. ಯಾರೂ ಹೇಳಿಕೊಟ್ಟಿದ್ದಲ್ಲ, ಏಳನೇ ಕ್ಲಾಸಿನ ಹುಡುಗಿ ತಾನೇ ಕಂಡುಕೊಂಡ ದಾರಿ. ಶಾಲೆಯಲ್ಲಿ ಟೀಚರ್ ನನ್ನನ್ನು ಕರೆಸಿ, "ಕ್ಲಾಸಲ್ಲಿ ತೂಕಡಿಸ್ತಾಳೆ, ಕೇಳಿದ್ದಕ್ಕೆ ಬಾಯಿ ಬಿಡಲ್ಲ" ಅಂದರು. ಅಪ್ಪನ ಬೈಕ್ ಸದ್ದು ಕೇಳುವ ತನಕ ಅವಳು ರಾತ್ರಿ ಮಲಗುತ್ತಿರಲಿಲ್ಲ. ಕೇಳಿದ ಮೇಲೂ ಮಲಗುತ್ತಿರಲಿಲ್ಲ. ಚಿಕ್ಕವನು ಒಂದನೇ ಕ್ಲಾಸಿಗೆ ಹೋಗುತ್ತಿದ್ದರೂ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ನನಗೆ ಮೂವತ್ತೈದಕ್ಕೇ ಬಿಪಿ ಬಂತು. ಮಕ್ಕಳಿಗಾಗಿ ಸಹಿಸಿಕೊಂಡಿದ್ದೇನೆ ಅಂತ ನಾವು ಹೇಳುತ್ತೇವಲ್ವಾ, ಆ ಸಹನೆಯನ್ನು ಮಕ್ಕಳು ನಮ್ಮ ಜೊತೆ ಕೂತು ಅನುಭವಿಸುತ್ತಿರುತ್ತವೆ.

ಪಂಚಾಯ್ತಿಯೂ ಆಯಿತು. ನಮ್ಮ ಮನೆಯ ಪಡಸಾಲೆಯಲ್ಲೇ. ನನ್ನ ತವರು ಜಗಳೂರು ಕಡೆ ಒಂದು ಹಳ್ಳಿ. ಅಲ್ಲಿಂದ ಅಪ್ಪ, ಅವ್ವ, ಅಣ್ಣ ಬಂದಿದ್ದರು. ಈ ಕಡೆಯಿಂದ ಗಂಡನ ದೊಡ್ಡಪ್ಪ, ಓಣಿಯ ಇಬ್ಬರು ಹಿರಿಯರು. ಚಾಪೆ ಹಾಸಿ ಟೀ ಕೊಟ್ಟಿದ್ದು ನಾನೇ. ಮಾತಾಡಿದ್ದೆಲ್ಲ ಗಂಡಸರು. ಕೊನೆಗೆ ದೊಡ್ಡಪ್ಪ ನನ್ನ ಕಡೆ ತಿರುಗಿ, "ನೋಡವ್ವ, ಗಂಡಸು ಹೊರಗೆ ದುಡ್ಕಂಡು ಬಂದಿರ್ತಾನೆ, ಸಿಟ್ಟು ಬರ್ತೈತಿ. ನೀನೇ ಸ್ವಲ್ಪ ಬಾಯಿ ಕಡಿಮೆ ಮಾಡಬೇಕು" ಅಂದರು. ಗಂಡ "ಇನ್ನ ಹಂಗೆ ಮಾಡಲ್ಲ" ಅಂದರು. ಎಲ್ಲರೂ ಮಂಡಕ್ಕಿ, ಮೆಣಸಿನಕಾಯಿ ತಿಂದು ಎದ್ದರು. ಹೊರಡುವಾಗ ಅವ್ವ ನನ್ನ ತಲೆ ಸವರಿ, "ಹೊಂದ್ಕಂಡು ಹೋಗು ತಾಯಿ, ಎರಡು ಮಕ್ಕಳಾಗ್ಯಾವ" ಅಂದಳು. ಅವತ್ತು ಗಂಡ ಕೊಟ್ಟ ಮಾತನ್ನು ಯಾರೂ ಎಲ್ಲೂ ಬರೆದಿಡಲಿಲ್ಲ. ಮುಂದಿನ ಸಲ ಕೈ ಎತ್ತಿದಾಗ ತೋರಿಸಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ದೊಡ್ಡಪ್ಪ ಒಬ್ಬರನ್ನೇ ದೂರಿ ಏನು ಪ್ರಯೋಜನ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಯಾವುದಾದರೂ ಒಂದು ಕಾರಣಕ್ಕೆ ಗಂಡ ಹೆಂಡತಿಗೆ ಹೊಡೆಯುವುದು ಸರಿ ಅಂದವರು ಕರ್ನಾಟಕದ ಗಂಡಸರಲ್ಲಿ ಶೇ. 82ರಷ್ಟು. ಹೆಂಗಸರಲ್ಲೂ ಶೇ. 77. ನಮ್ಮ ಅವ್ವನೂ ಆ ಲೆಕ್ಕದೊಳಗೇ ಬರುತ್ತಾಳೆ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ. 44 ಮಂದಿ ಗಂಡನ ಕೈಯಲ್ಲಿ ದೈಹಿಕ ಇಲ್ಲವೇ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ದೇಶದ ಲೆಕ್ಕ ಶೇ. 29. ಅದಕ್ಕೂ ಹಿಂದಿನ, 2015-16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ್ದು ಶೇ. 21ರ ಹತ್ತಿರ ಇತ್ತು. ಎರಡು ಪಟ್ಟು ಆಗಿದೆ. ಲಾಕ್‌ಡೌನ್ ಮೇಲೆ ಹಾಕೋಣ ಅಂದರೆ ಕರ್ನಾಟಕದಲ್ಲಿ ಮನೆ ಮನೆಗೆ ಹೋಗಿ ಕೇಳಿದ್ದು ಲಾಕ್‌ಡೌನ್‌ಗಿಂತ ಮೊದಲೇ. ಹೆಂಗಸರು ಈಗ ಹೇಳಿಕೊಳ್ಳುವುದು ಜಾಸ್ತಿಯಾಗಿದ್ದರೂ ಆಗಿರಬಹುದು. ಹೇಗೇ ನೋಡಿದರೂ ನಮ್ಮ ಓಣಿಯಲ್ಲಿ ಟಿವಿ ಸೌಂಡ್ ಜಾಸ್ತಿ ಇಟ್ಟಿರುವ ಮನೆ ನಮ್ಮದೊಂದೇ ಅಲ್ಲ.

ದೀಪಾವಳಿ ಮುಂದೆ ಹೊಲಿಗೆಯವರಿಗೆ ಪುರುಸೊತ್ತೇ ಇರುವುದಿಲ್ಲ. ಆ ರಾತ್ರಿ ಮಾರನೇ ದಿನ ಕೊಡಬೇಕಿದ್ದ ಬ್ಲೌಸ್‌ಗಳಿಗೆ ಹುಕ್ಕು ಹಾಕುತ್ತಾ ಕೂತಿದ್ದೆ. ಗಂಡ ಬಂದು ದುಡ್ಡು ಕೇಳಿದರು. ಲೈನಿಂಗ್ ಬಟ್ಟೆ ತರಲು ಇಟ್ಟಿದ್ದು, ಕೊಡಲ್ಲ ಅಂದೆ. ನನ್ನದೇ ಕತ್ತರಿ ತೆಗೆದುಕೊಂಡು ಮೆಷಿನ್ ಬೆಲ್ಟ್ ಕತ್ತರಿಸಿ ಹಾಕಿದರು. ತಡೆಯಲು ಹೋದಾಗ ಎಡಗೈ ಹಿಡಿದು ತಿರುಚಿದರು. ಮಣಿಕಟ್ಟಿನ ಹತ್ತಿರ ಎಲುಬು ಬಿರುಕು ಬಿಟ್ಟಿದ್ದು ಎಕ್ಸ್‌ರೇ ತೆಗೆದ ಮೇಲೆ ಗೊತ್ತಾಯಿತು.

ಆಸ್ಪತ್ರೆಗೆ ಜೊತೆಗೆ ಬಂದವರು ಅತ್ತೆ. ಡಾಕ್ಟರ್ ಕೇಳುವ ಮೊದಲೇ "ಬಚ್ಚಲಾಗೆ ಜಾರಿ ಬಿದ್ಲು ಸಾರ್" ಅಂದರು. ನನ್ನ ಕೈ ಹಿಡಿದು ನೋಡುತ್ತಿದ್ದ ನರ್ಸ್ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ, "ಅಜ್ಜೀ, ಕೌಂಟರಿನಾಗೆ ಚೀಟಿ ಮಾಡಿಸ್ಕಂಡು ಬರ್ರಿ" ಅಂತ ಅತ್ತೆಯನ್ನು ಹೊರಗೆ ಕಳಿಸಿದರು. ಪರದೆ ಎಳೆದು ಕೇಳಿದರು: "ಈಗ ಹೇಳಮ್ಮ, ಯಾರು ತಿರುಚಿದ್ದು?" ನಾನು ಗಂಡ ಅಂದೆ. ಅದನ್ನು ಡಾಕ್ಟರ್ ಹಾಗೆಯೇ ಬರೆದುಕೊಂಡರು, ಎಂಎಲ್‌ಸಿ (ಪೊಲೀಸ್, ಕೋರ್ಟಿಗೆ ದಾಖಲೆಯಾಗುವ ಮೆಡಿಕೋ ಲೀಗಲ್ ಕೇಸ್) ಮಾಡಿದರು. ಮುಂದೆ ಕೋರ್ಟಿನಲ್ಲಿ ನನ್ನ ಎಲ್ಲ ಮಾತಿಗಿಂತ ಹೆಚ್ಚು ತೂಕ ಬಂದಿದ್ದು ಆ ಒಂದು ಹಾಳೆಗೆ. ಕಾರಿಡಾರಿನಲ್ಲಿ ಕೂತಿದ್ದಾಗ ಆ ನರ್ಸೇ 181ಕ್ಕೆ ಫೋನ್ ಮಾಡಲು ಹೇಳಿದ್ದು.

181 ಮಹಿಳಾ ಸಹಾಯವಾಣಿ. ಅಲ್ಲಿಂದ ನಮ್ಮ ಜಿಲ್ಲೆಯ ಸಖಿ ಕೇಂದ್ರಕ್ಕೆ ಕಳಿಸಿದರು. ಸಖಿ ಅಂದರೆ ಒನ್ ಸ್ಟಾಪ್ ಸೆಂಟರ್, 2015ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಯೋಜನೆ. ಚಿಕಿತ್ಸೆ, ಪೊಲೀಸ್, ವಕೀಲರು, ಆಪ್ತ ಸಮಾಲೋಚನೆ ಎಲ್ಲ ಒಂದೇ ಕಡೆ ಸಿಗಬೇಕು ಅನ್ನುವುದು ಉದ್ದೇಶ. ಐದು ದಿನದ ತನಕ ಮಕ್ಕಳ ಜೊತೆ ಅಲ್ಲೇ ಉಳಿಯಬಹುದು. ನಾನು ಉಳಿದೆ. ಅಲ್ಲಿನ ಮೊದಲ ರಾತ್ರಿ ನಿದ್ದೆಗೆ ಬಿದ್ದ ಮಗಳು ಮಾರನೇ ದಿನ ಊಟದ ಹೊತ್ತಿಗೆ ಎದ್ದಳು.

ಅಲ್ಲಿನ ಮೇಡಂ ನನ್ನನ್ನು ಕೇಳಿದ ಮೊದಲ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. "ನಿಮಗೆ ಏನು ಬೇಕು?" ನಾನು ತುಂಬಾ ಹೊತ್ತು ಸುಮ್ಮನಿದ್ದು, "ಹೊಡಿಬಾರದು. ನನ್ನ ಮನೇಲಿ, ನನ್ನ ಮೆಷಿನ್ ಮುಂದೆ ಇರಬೇಕು. ಮಕ್ಕಳ ಖರ್ಚಿಗೆ ದುಡ್ಡು ಕೊಡಬೇಕು" ಅಂದೆ. ಅವರು ನಕ್ಕು, "ಇದಕ್ಕೇ ಒಂದು ಕಾನೂನು ಇದೆ" ಅಂದರು.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ, 2005. ಜಾರಿಗೆ ಬಂದಿದ್ದು 2006ರ ಅಕ್ಟೋಬರ್ 26ಕ್ಕೆ. ಗಂಡ, ಗಂಡನ ಮನೆಯವರ ಕ್ರೌರ್ಯಕ್ಕೆ ಶಿಕ್ಷೆ ಕೊಡುವ, ನಾವು ಕೇಳಿರುವ ಐಪಿಸಿ 498ಎ ಬೇರೆ, ಇದು ಬೇರೆ. 498ಎ ಈಗ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಅದರಲ್ಲಿ ಪೊಲೀಸರು ಎಫ್‌ಐಆರ್ ಹಾಕುತ್ತಾರೆ, ಅಪರಾಧ ರುಜುವಾತಾದರೆ ಮೂರು ವರ್ಷದ ತನಕ ಶಿಕ್ಷೆ. 2005ರ ಕಾಯ್ದೆಯಲ್ಲಿ ಮೊದಲು ಶಿಕ್ಷೆಯ ಮಾತಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿ ರಕ್ಷಣೆ, ವಾಸದ ಹಕ್ಕು, ಖರ್ಚಿನ ಹಣ, ಮಕ್ಕಳ ಸುಪರ್ದಿ, ಪರಿಹಾರ ಕೇಳುವುದು. ಮ್ಯಾಜಿಸ್ಟ್ರೇಟ್ ಕೊಟ್ಟ ರಕ್ಷಣಾ ಆದೇಶವನ್ನು ಗಂಡ ಮುರಿದರೆ ಆಗ ಅಪರಾಧ. ಹೆಂಡತಿ ಮಾತ್ರ ಅಲ್ಲ, ಮಗನಿಂದ ಏಟು ತಿನ್ನುವ ತಾಯಿ, ಅಣ್ಣ ಹೊರಗೆ ಹಾಕಿದ ತಂಗಿ ಕೂಡ ಇದರಲ್ಲಿ ಅರ್ಜಿ ಹಾಕಬಹುದು. ಎರಡೂ ಕಾನೂನು ಒಟ್ಟಿಗೆ ಬಳಸಲೂಬಹುದು. ಜೀವಕ್ಕೇ ಅಪಾಯ ಇದ್ದರೆ ಮನೆ, ಮೆಷಿನ್ ಅಂತ ನೋಡದೆ ಮೊದಲು ಹೊರಗೆ ಬರಬೇಕು, ಎಫ್‌ಐಆರ್ ಹಾಕಿಸಲೇಬೇಕು. ಅದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ನನ್ನ ಪರಿಸ್ಥಿತಿಗೆ ಇದು ಹೊಂದಿತು.

ಪೊಲೀಸ್ ಸ್ಟೇಷನ್ನಿಗೆ ಹಿಂದೆ ಒಮ್ಮೆ ಹೋಗಿದ್ದೆ. 112ಕ್ಕೆ ಫೋನ್ ಮಾಡಿದಾಗ ಗಾಡಿ ಬೇಗ ಬಂದಿತ್ತು. ಆದರೆ ಸ್ಟೇಷನ್ನಿನಲ್ಲಿ ಇಬ್ಬರನ್ನೂ ಕೂರಿಸಿ, ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು, "ಸಂಸಾರದ ವಿಷಯ, ಕೂತು ಬಗೆಹರಿಸ್ಕೊಳ್ಳಿ" ಅಂತ ಕಳಿಸಿದ್ದರು. ಅದರ ಕಾಪಿ ನನಗೆ ಕೊಟ್ಟಿರಲಿಲ್ಲ. ಪಂಚಾಯ್ತಿ ಪಡಸಾಲೆಯಿಂದ ಸ್ಟೇಷನ್ನಿಗೆ ಬಂದಂತೆ ಆಗಿತ್ತು ಅಷ್ಟೇ.

ಈಗ ಈ ಕಾಯ್ದೆಯಲ್ಲಿ ಹೆಂಗಸರಿಗೆ ನೆರವಾಗಲು ಇರುವ ಸಂರಕ್ಷಣಾಧಿಕಾರಿ ಹತ್ತಿರ ಹೋಗಬೇಕಿತ್ತು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಿಡಿಪಿಒ ಅವರೇ ಈ ಕೆಲಸ ನೋಡುತ್ತಾರೆ. ಅಂಗನವಾಡಿಗಳನ್ನು ನೋಡಿಕೊಳ್ಳುವ ಅಧಿಕಾರಿ ಅಂತಷ್ಟೇ ನನಗೆ ಗೊತ್ತಿತ್ತು. ಅಲ್ಲಿ ಕೌಟುಂಬಿಕ ಘಟನಾ ವರದಿ ಬರೆಯುತ್ತಾರೆ, ಎಲ್ಲರೂ ಡಿಐಆರ್ ಅನ್ನುತ್ತಾರೆ. ಉದ್ದದ ಫಾರಂ. ಯಾವತ್ತು, ಎಲ್ಲಿ, ಯಾರು, ಏನು ಮಾಡಿದರು. ದೈಹಿಕ ಹಿಂಸೆ, ಲೈಂಗಿಕ ಹಿಂಸೆ, ಮಾತಿನ ಮತ್ತು ಮಾನಸಿಕ ಹಿಂಸೆ, ಆರ್ಥಿಕ ಹಿಂಸೆ ಅಂತ ಬೇರೆ ಬೇರೆ ಕಾಲಂ.

ತಾರೀಖು ಕೇಳಿದಾಗ ನನಗೆ ಒಂದೂ ನೆನಪಾಗಲಿಲ್ಲ. ಬರೆದುಕೊಳ್ಳುತ್ತಿದ್ದ ಮೇಡಂ ಅವಸರ ಮಾಡಲಿಲ್ಲ. "ತಾರೀಖು ಬೇಡ, ಆಗ ಮಗ ಎಷ್ಟು ದೊಡ್ಡವನಿದ್ದ? ಯಾವ ಹಬ್ಬದ ಹತ್ತಿರ?" ಅಂದರು. ಆಗ ಒಂದೊಂದೇ ಬಂತು. ಯುಗಾದಿಯ ಹಿಂದಿನ ದಿನ. ಮಗನ ಹೆಸರಿಡುವ ವಾರ. ನಾದಿನಿಯ ಮದುವೆ ಆದ ಮೂರನೇ ದಿನ. ಮೆಷಿನ್ ಬೆಲ್ಟಿನ ವಿಷಯವನ್ನು ನಾನು ಹೊಡೆತದ ಜೊತೆ ಸುಮ್ನೆ ಹೇಳಿದ್ದೆ. ಅವರು ಪೆನ್ನು ನಿಲ್ಲಿಸಿ, "ಬೆಲ್ಟ್ ಕತ್ತರಿಸಿದ್ದು ಆರ್ಥಿಕ ಹಿಂಸೆ, ಅದನ್ನ ಬೇರೆ ಬರೀತೀನಿ. ದುಡ್ಡಿನ ಡಬ್ಬಿ, ಗಿರವಿ ಇಟ್ಟ ಸರ ಎಲ್ಲ ಅದರಲ್ಲೇ ಬರುತ್ತೆ" ಅಂದರು. ನಾನು ಅದನ್ನೆಲ್ಲ ಸಂಸಾರದ ತಾಪತ್ರಯ ಅಂದುಕೊಂಡಿದ್ದೆ. ಕಾನೂನಿನಲ್ಲಿ ಅದಕ್ಕೆ ಒಂದು ಕಾಲಂ ಇದೆ ಅಂತ ನೋಡಿದಾಗ ಎದೆ ಹಗುರಾಯಿತು.

ಲೈಂಗಿಕ ಹಿಂಸೆಯ ಕಾಲಂ ಹತ್ತಿರ ಬಂದಾಗ ತಲೆ ತಗ್ಗಿಸಿ ಕೂತೆ. ಅವರು ಬಾಗಿಲು ಹಾಕಿಸಿದರು. ಗಂಡ ಹೆಂಡತಿಯ ಮೇಲೆ ಮಾಡುವ ಬಲಾತ್ಕಾರಕ್ಕೆ ಕ್ರಿಮಿನಲ್ ಕಾನೂನಿನಲ್ಲಿ ವಿನಾಯಿತಿ ಇದೆ. ಆದರೆ 2005ರ ಕಾಯ್ದೆಯಲ್ಲಿ ಅದು ಹಿಂಸೆಯೇ. ಇಷ್ಟನ್ನು ಮೆಲ್ಲಗೆ ಹೇಳಿ, ನಾನು ಹೇಳಿದಷ್ಟನ್ನೇ ಬರೆದರು. ಅಲ್ಲಿ ಏನು ಬರೆಸಿದೆ ಅಂತ ಇಲ್ಲಿ ಬರೆಯುವುದಿಲ್ಲ. ಬರೆಸಿದೆ ಅನ್ನುವುದು ನನಗೆ ಮುಖ್ಯ.

ಡಿಐಆರ್ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತದೆ, ಒಂದು ಕಾಪಿ ಪೊಲೀಸ್ ಸ್ಟೇಷನ್ನಿಗೆ. ವಕೀಲರಿಗೆ ಕೊಡಲು ದುಡ್ಡಿರಲಿಲ್ಲ. ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡಲೇಬೇಕು ಅಂತ 1987ರ ಕಾನೂನೇ ಇದೆ. ಫೋನಿನಲ್ಲಿ ಕೇಳುವುದಾದರೆ 15100. ನನಗೆ ಸಿಕ್ಕ ವಕೀಲರು ನನಗಿಂತ ಚಿಕ್ಕ ವಯಸ್ಸಿನ ಹುಡುಗಿ. "ಅಕ್ಕಾ, ಎಂಎಲ್‌ಸಿ ಇದೆಯಾ?" ಅಂದವಳೇ ಆ ಹಾಳೆ ನೋಡಿ, "ಇದು ಸಾಕು, ಶುರು ಮಾಡೋಣ" ಅಂದಳು.

ಕಾಯ್ದೆಯಲ್ಲಿ ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದೊಳಗೆ ಅರ್ಜಿ ಮುಗಿಸಲು ಪ್ರಯತ್ನಿಸಬೇಕು ಅಂತ ಬರೆದಿದೆ. ಹಾಗೆ ಆಗಲಿಲ್ಲ. ನೋಟಿಸ್ ತೆಗೆದುಕೊಳ್ಳದೆ ಗಂಡ ತಪ್ಪಿಸಿಕೊಂಡು ಓಡಾಡಿದರು. ಆಮೇಲೆ ಅವರ ವಕೀಲರು ಟೈಮ್ ಕೇಳಿದರು. ಪ್ರತಿ ತಾರೀಖಿಗೂ ನಾನು ಮೆಷಿನ್ ನಿಲ್ಲಿಸಿ ಹೋಗಬೇಕಿತ್ತು. ಹೆಸರು ಕೂಗುವ ತನಕ ಕಟ್ಟೆ ಮೇಲೆ ಕೂರುವುದು, ಕೂಗಿದಾಗ ಒಂದು ನಿಮಿಷ ನಿಲ್ಲುವುದು, ಮುಂದಿನ ತಾರೀಖು ಬರೆದುಕೊಳ್ಳುವುದು. ಇದನ್ನು ಯಾರಿಗೂ ಸುಲಭ ಅಂತ ಹೇಳುವುದಿಲ್ಲ. ಅರ್ಧಕ್ಕೆ ಬಿಟ್ಟು ರಾಜಿಯಾಗುವ ಹೆಂಗಸರನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ, ಕೋರ್ಟಿನ ನಿಧಾನದ ಮೇಲೆ ಬರುತ್ತದೆ.

ಮನೆಯ ವಿಷಯಕ್ಕೆ ದೊಡ್ಡ ವಾದ ಆಯಿತು. ಮನೆ ಇರುವುದು ಅತ್ತೆಯ ಹೆಸರಿನಲ್ಲಿ. "ಇದು ಗಂಡನ ಆಸ್ತಿಯೇ ಅಲ್ಲ, ಇವರಿಗೆ ಇಲ್ಲಿರುವ ಹಕ್ಕಿಲ್ಲ" ಅಂದರು ಅವರ ವಕೀಲರು. 2006ರ ಒಂದು ಸುಪ್ರೀಂ ಕೋರ್ಟ್ ತೀರ್ಪು ಹಾಗೇ ಇತ್ತಂತೆ. ನಮ್ಮ ವಕೀಲ ಹುಡುಗಿ ಎದ್ದು ನಿಂತು 2020ರ ಅಕ್ಟೋಬರಿನ ಸತೀಶ್ ಚಂದರ್ ಅಹುಜಾ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪಿನ ಕಾಪಿ ಕೊಟ್ಟಳು. ಮೂವರು ನ್ಯಾಯಮೂರ್ತಿಗಳ ಪೀಠ ಹಳೆಯ ತೀರ್ಪು ಸರಿಯಿಲ್ಲ ಅಂದಿದೆ. ಅತ್ತೆ ಮಾವನ ಹೆಸರಿನ ಮನೆಯಾದರೂ ಸೊಸೆ ಅಲ್ಲಿ ಸಂಸಾರ ಮಾಡಿಕೊಂಡಿದ್ದರೆ ವಾಸದ ಹಕ್ಕು ಕೇಳಬಹುದು. ಮನೆ ನನ್ನದಾಗುವುದಿಲ್ಲ, ಆದರೆ ಕತ್ತು ಹಿಡಿದು ಹೊರಗೆ ದಬ್ಬುವ ಹಾಗಿಲ್ಲ. ಇದೇ ಕಾಯ್ದೆಯಲ್ಲಿ ಗಂಡನಿಗೆ ಮನೆಯಿಂದ ಹೊರಗಿರು ಅಂತ ಆದೇಶ ಮಾಡಬಹುದು, ಮನೆಯ ಹೆಂಗಸರಿಗೆ ಮಾಡುವಂತಿಲ್ಲ. ಇದು ಗೊತ್ತಾದ ಮೇಲೆ ಅತ್ತೆಯ ಭಯವೂ ಸ್ವಲ್ಪ ಇಳಿಯಿತು. ತಮ್ಮನ್ನು ಬೀದಿಗೆ ಹಾಕಿಸುತ್ತೇನೆ ಅಂತ ಅವರಿಗೆ ಯಾರೋ ತಲೆ ಕೆಡಿಸಿದ್ದರು.

ಮಧ್ಯಂತರ ಆದೇಶ ಬಂತು. ಹೊಡೆಯುವುದು, ಬೈಯುವುದು, ಬೆದರಿಸುವುದು ಮಾಡಬಾರದು. ನನ್ನನ್ನು, ಮಕ್ಕಳನ್ನು ಮನೆಯಿಂದ ಹೊರಗೆ ಹಾಕಬಾರದು. ಮುಂದಿನ ಕೋಣೆ, ಅಡುಗೆಮನೆ, ಬಚ್ಚಲು ಬಳಸಲು ಅಡ್ಡಿ ಮಾಡಬಾರದು. ಹೊಲಿಗೆ ಕೆಲಸಕ್ಕೆ ತೊಂದರೆ ಕೊಡಬಾರದು. ತಿಂಗಳಿಗೆ ಆರು ಸಾವಿರ ಕೊಡಬೇಕು. ಆದೇಶದ ಕಾಪಿಯನ್ನು ಎರಡೂ ಕಡೆಯವರಿಗೆ, ಪೊಲೀಸ್ ಸ್ಟೇಷನ್ನಿಗೆ ಪುಕ್ಕಟೆ ಕೊಡಬೇಕು ಅಂತ ಕಾಯ್ದೆಯ 24ನೇ ಕಲಮಿನಲ್ಲೇ ಇದೆ. ಅದನ್ನು ಲ್ಯಾಮಿನೇಟ್ ಮಾಡಿಸಿ ಮೆಷಿನ್ ಡ್ರಾಯರಿನಲ್ಲಿ ಇಟ್ಟೆ.

ಅದು ಬಂದ ಮೇಲೂ ಒಂದು ರಾತ್ರಿ ಗಂಡ ಕುಡಿದು ಬಂದು ಕೋಣೆ ಬಾಗಿಲು ಒದ್ದರು. 112ಕ್ಕೆ ಫೋನ್ ಮಾಡಿದೆ. ಬಂದ ಪೊಲೀಸರಿಗೆ ಸಂಸಾರದ ಕಥೆ ಹೇಳಲಿಲ್ಲ, ಆ ಹಾಳೆ ಕೊಟ್ಟೆ. ಟಾರ್ಚ್ ಹಾಕಿ ಓದಿದರು. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದ ತನಕ ಜೈಲು ಇಲ್ಲವೇ 20,000 ರೂಪಾಯಿ ತನಕ ದಂಡ, ಎರಡೂ ಆಗಬಹುದು. ಜಾಮೀನು ರಹಿತ ಅಪರಾಧ, ಅಂದರೆ ಸ್ಟೇಷನ್ನಿನಲ್ಲೇ ಹಕ್ಕಿನಿಂದ ಜಾಮೀನು ಕೇಳುವ ಹಾಗಿಲ್ಲ. ಅವರು ಗಂಡನಿಗೆ ಹೇಳಿದ್ದು ಒಂದೇ ಮಾತು: "ಕೋರ್ಟ್ ಆರ್ಡರ್ ಐತಲ್ಲಪ್ಪ, ಈ ಸಲ ಮುಚ್ಚಳಿಕೆ ಇಲ್ಲ." ಅವತ್ತಿನಿಂದ ಗಂಡ ಮೇಲಿನ ಕೋಣೆಯಲ್ಲಿ ಮಲಗುತ್ತಾರೆ. ನಮ್ಮ ನಡುವೆ ಮಾತಿಲ್ಲ. ಬೈಕ್ ಸದ್ದು ಕೇಳಿದರೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಆದರೆ ಮಗಳು ಹತ್ತು ಗಂಟೆಗೆ ಮಲಗುತ್ತಾಳೆ. ಚಿಕ್ಕವನ ಹಾಸಿಗೆ ಒಣಗಿಸುವ ಕೆಲಸ ನಿಂತಿದೆ.

ನನ್ನ ಪಾಟಿ ಸವಾಲಿನಲ್ಲಿ ಅವರ ವಕೀಲರು ಕೇಳಿದರು: "ಇಷ್ಟು ವರ್ಷ ಹೊಡೆದಿದ್ದರೆ ಯಾಕೆ ಸುಮ್ಮನಿದ್ರಿ? ಯಾರಿಗೂ ಯಾಕೆ ಹೇಳಲಿಲ್ಲ?" ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಸಹಾಯ ಕೇಳಿದವರು ಶೇ. 14 ಮಾತ್ರ, ಯಾರ ಹತ್ತಿರವೂ ಬಾಯಿ ಬಿಡದವರು ಶೇ. 77 ಅಂತ ಅದೇ ಸಮೀಕ್ಷೆಯಲ್ಲಿದೆ. ಆ ಅಂಕಿ ಆಗ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದನ್ನು ಹೇಳಿದೆ. "ಹೇಳಿದೀನಿ ಸಾರ್. ಅಪ್ಪ ಅವ್ವನಿಗೆ ಹೇಳಿದೀನಿ. ಅವರ ದೊಡ್ಡಪ್ಪನಿಗೆ ಹೇಳಿದೀನಿ. ಸ್ಟೇಷನ್ನಲ್ಲಿ ಹೇಳಿದೀನಿ. ಎಲ್ಲರೂ ಮನೆಗೆ ಹೋಗು ಅಂದ್ರು. ಹೋದೆ." ನ್ಯಾಯಾಧೀಶರು ಅದನ್ನು ಹಾಗೇ ಟೈಪ್ ಮಾಡಿಸಿದರು.

ಇನ್ನು ಗಂಡನ ಕಡೆಯ ಸಾಕ್ಷಿ ಆಗಬೇಕು. ಆರು ಸಾವಿರ ಮೊದಲು ಸರಿಯಾಗಿ ಬಂತು, ಆಮೇಲೆ ನಿಂತಿತು. ತಮ್ಮ ಸಂಬಳ ಕಡಿಮೆ ಅಂತ ಅಫಿಡವಿಟ್ ಹಾಕಿದ್ದಾರೆ. 2020ರ ರಜನೇಶ್ – ನೇಹಾ ತೀರ್ಪಿನ ನಂತರ ಇಬ್ಬರೂ ಆದಾಯ, ಆಸ್ತಿ, ಸಾಲ ಎಲ್ಲ ಪ್ರಮಾಣ ಮಾಡಿ ತೋರಿಸಬೇಕು. ನಾನು ಹೊಲಿಗೆ ಲೆಕ್ಕದ ನೋಟ್‌ಬುಕ್ಕನ್ನೇ ಕೊಟ್ಟಿದ್ದೇನೆ. ಸಂಬಳ ಕೊಡುವವರೇ ಅದರಲ್ಲಿ ಒಂದು ಭಾಗವನ್ನು ನೇರವಾಗಿ ಹೆಂಡತಿಗೋ ಕೋರ್ಟಿಗೋ ಕಟ್ಟಲಿ ಅಂತ ಆದೇಶ ಮಾಡಲು ಕಾಯ್ದೆಯಲ್ಲಿ ಅವಕಾಶ ಇದೆ. ಬಾಕಿ ವಸೂಲಿಯ ಜೊತೆ ಅದಕ್ಕೂ ಅರ್ಜಿ ಹಾಕಿದ್ದೇವೆ. ದಲ್ಲಾಳಿ ಅಂಗಡಿಯ ಸಾಹುಕಾರರು ನಿಜವಾಗಿ ಎಷ್ಟು ಕೊಡುತ್ತಾರೆ ಅಂತ ಆಗ ಗೊತ್ತಾಗುತ್ತದೆ.